ಓದುಗರ ಪ್ರಶ್ನೆ: ‘ವಿತ್’ ಬರೆದರೂ ಕನೆಕ್ಷನ್ ಏಕೆ ಮುಚ್ಚುವುದಿಲ್ಲ?

ಪ್ರಶ್ನೆ: ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಪೈಥಾನ್‌ನಲ್ಲಿ ಲೆಕ್ಕಪತ್ರದ ವೆಬ್ ತಂತ್ರಾಂಶವೊಂದನ್ನು ಬರೆದುಕೊಟ್ಟಿದ್ದೇನೆ. ಡೇಟಾಬೇಸ್ ಪೋಸ್ಟ್‌ಗ್ರೆಸ್; ಸೈಕೋಪಿಜಿ2 ಎಂಬ ಲೈಬ್ರರಿಯ ಮೂಲಕ ಸಂಪರ್ಕ. ಬಟವಾಡೆಯ ದಿನ ಸದಸ್ಯರೆಲ್ಲ ಲೆಕ್ಕ ನೋಡತೊಡಗಿದರೆ ಮಧ್ಯಾಹ್ನದ ಹೊತ್ತಿಗೆ ‘ಟೂ ಮೆನಿ ಕ್ಲೈಂಟ್ಸ್ ಆಲ್‌ರೆಡಿ’ ಎಂಬ ದೋಷ ಬಂದು ಎಲ್ಲವೂ ನಿಲ್ಲುತ್ತದೆ. ತಂತ್ರಾಂಶವನ್ನು ಮರುಚಾಲನೆ ಮಾಡಿದರೆ ಸರಿಹೋಗುತ್ತದೆ. ಮ್ಯಾಕ್ಸ್ ಕನೆಕ್ಷನ್ಸ್ ಮಿತಿಯನ್ನು 300ಕ್ಕೆ ಏರಿಸಿದೆ. ಸಂಜೆಯವರೆಗೆ ಎಳೆಯಿತು, ಅಷ್ಟೆ. ಕನೆಕ್ಷನ್ ಬಳಸುವ ಕಡೆಯಲ್ಲೆಲ್ಲ ‘ವಿತ್’ ಬರೆದಿದ್ದೇನೆ. ಪ್ರತಿ ವಿನಂತಿಗೂ ‘ವರದಿ’ ಎಂಬ ಕ್ಲಾಸಿನ ಹೊಸ ಆಬ್ಜೆಕ್ಟ್ ಹುಟ್ಟುತ್ತದೆ, ಕನೆಕ್ಷನ್ ಅದರೊಳಗಿರುತ್ತದೆ; ಯಾವ ವರದಿಗೆ ಯಾವ ಮೆಥಡ್ ಎಂಬ ಡಿಕ್ಷನರಿಯೂ ಅದರೊಳಗೇ ಇದೆ. ತಪ್ಪು ಎಲ್ಲಿದೆ?
— ಹಾಸನದ ಓದುಗರು

ಉತ್ತರ: ನೀವು ‘ವಿತ್’ ಮೇಲೆ ಇಟ್ಟಿರುವ ನಂಬಿಕೆಯಲ್ಲಿಯೇ ತಪ್ಪಿದೆ, ಇದೇ ನಂಬಿಕೆಯಿಂದ ನಾನೂ ಒಮ್ಮೆ ಎರಡು ದಿನ ಕಳೆದುಕೊಂಡಿದ್ದೇನೆ. 2006ರಲ್ಲಿ ಪೈಥಾನ್ 2.5ರೊಂದಿಗೆ ಬಂದ ‘ವಿತ್’ ತಾನಾಗಿ ಯಾವುದನ್ನೂ ಮುಚ್ಚುವುದಿಲ್ಲ. ಬ್ಲಾಕಿನಿಂದ ಹೊರಬರುವಾಗ ಆಯಾ ಆಬ್ಜೆಕ್ಟ್ ಏನು ಮಾಡಬೇಕೆಂದು ಅದನ್ನು ಬರೆದವರು ತೀರ್ಮಾನಿಸಿದ್ದಾರೋ ಅದನ್ನಷ್ಟೇ ಮಾಡಿಸುತ್ತದೆ. ಫೈಲಿನ ವಿಷಯದಲ್ಲಿ ಆ ಕೆಲಸವೆಂದರೆ ಮುಚ್ಚುವುದು. ಕ್ವೆರಿ ನಡೆಸಿ ಫಲಿತಾಂಶ ಓದಲು ಬಳಸುವ ಸೈಕೋಪಿಜಿ2ರ ಕರ್ಸರ್‌ನಲ್ಲಿಯೂ ಅದೇ. ಆದರೆ ಅದೇ ಲೈಬ್ರರಿಯ ಕನೆಕ್ಷನ್‌ನಲ್ಲಿ ಆ ಕೆಲಸವೆಂದರೆ ವಹಿವಾಟನ್ನು ಮುಗಿಸುವುದು: ದೋಷವಿಲ್ಲದಿದ್ದರೆ ಕಮಿಟ್ (ಬದಲಾವಣೆ ಖಾಯಂ), ಇದ್ದರೆ ರೋಲ್‌ಬ್ಯಾಕ್ (ಬದಲಾವಣೆ ರದ್ದು). ಕನೆಕ್ಷನ್ ತೆರೆದೇ ಉಳಿಯುತ್ತದೆ. ಹೊಸ ಆವೃತ್ತಿಯಾದ ಸೈಕೋಪಿಜಿ 3ರಲ್ಲಿ ‘ವಿತ್’ ವಹಿವಾಟನ್ನು ಮುಗಿಸಿ ಕನೆಕ್ಷನ್ನನ್ನೂ ಮುಚ್ಚುತ್ತದೆ. ಹಳೆಯ ನಡವಳಿಕೆಯೇ ಹೆಚ್ಚು ಜನರನ್ನು ದಾರಿತಪ್ಪಿಸಿತೆಂಬುದು ನನ್ನ ಅನಿಸಿಕೆ.

ಹಾಗಿದ್ದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸುವಾಗ ಇದು ಏಕೆ ಕಾಣಿಸಿಕೊಂಡಿರಲಾರದು? ಸಾಮಾನ್ಯವಾಗಿ ಬಳಕೆಯಲ್ಲಿರುವ ಸಿಪೈಥಾನ್, ಪ್ರತಿಯೊಂದು ಆಬ್ಜೆಕ್ಟನ್ನು ಎಷ್ಟು ಕಡೆಯಿಂದ ಹಿಡಿದುಕೊಳ್ಳಲಾಗಿದೆ ಎಂದು ಎಣಿಸುತ್ತಿರುತ್ತದೆ. ಎಣಿಕೆ ಸೊನ್ನೆಯಾದ ಕ್ಷಣದಲ್ಲಿ ಆಬ್ಜೆಕ್ಟ್ ಅಳಿಯುತ್ತದೆ, ಅದರೊಂದಿಗೆ ಕನೆಕ್ಷನ್ನೂ ಮುಚ್ಚುತ್ತದೆ. ನಿಮ್ಮಲ್ಲಿ ಆ ಎಣಿಕೆ ಎಂದಿಗೂ ಸೊನ್ನೆಯಾಗುವುದಿಲ್ಲ, ಏಕೆಂದರೆ ‘ವರದಿ’ ತನ್ನ ಡಿಕ್ಷನರಿಯನ್ನು ಹಿಡಿದಿದೆ, ಡಿಕ್ಷನರಿ ಮೆಥಡ್‌ಗಳನ್ನು ಹಿಡಿದಿದೆ, ಆ ಮೆಥಡ್‌ಗಳು ಮತ್ತೆ ‘ವರದಿ’ಯನ್ನೇ ಹಿಡಿದಿವೆ. ಇಂತಹ ಸುತ್ತನ್ನು ಬಿಡಿಸಲು, ಬೇಡವಾದ ಆಬ್ಜೆಕ್ಟ್‌ಗಳನ್ನು ಹುಡುಕಿ ತೆಗೆಯುವ ಗಾರ್ಬೇಜ್ ಕಲೆಕ್ಟರ್ ಬರಬೇಕು. ಅದು ಬರುವುದು ಮೆಮೊರಿಯಲ್ಲಿ ಆಬ್ಜೆಕ್ಟ್‌ಗಳು ಎಷ್ಟು ಹೆಚ್ಚಿವೆ ಎಂಬುದನ್ನು ನೋಡಿಕೊಂಡು. ಡೇಟಾಬೇಸಿನ ಕಡೆ ಎಷ್ಟು ಬಾಗಿಲು ತೆರೆದಿವೆ ಎಂಬುದು ಅದಕ್ಕೆ ತಿಳಿಯುವುದೇ ಇಲ್ಲ. ಮೆಮೊರಿ ಆರಾಮವಾಗಿರುವಾಗಲೇ ಕನೆಕ್ಷನ್‌ಗಳು ಮುಗಿದುಹೋಗುವುದು ಹೀಗೆ. ನೀವೊಬ್ಬರೇ ನಾಲ್ಕು ಪುಟ ತೆರೆದು ನೋಡಿದರೆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ.

ಮಿತಿಯನ್ನು ಏರಿಸಿದ್ದನ್ನು ದಯವಿಟ್ಟು ಹಿಂದಕ್ಕೆ ಪಡೆಯಿರಿ. ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್‌ಗೂ ಪ್ರತ್ಯೇಕ ಪ್ರೋಸೆಸ್ ಒಂದನ್ನು ನಡೆಸುತ್ತದೆ. ಸುಮ್ಮನೆ ಕುಳಿತ 300 ಪ್ರೋಸೆಸ್‌ಗಳ ಭಾರವನ್ನು ಸರ್ವರ್ ಹೊರಬೇಕಾಗುತ್ತದೆ. ಮೂಲ ಮಿತಿಯಾದ 100ರಲ್ಲಿ 3 ಜಾಗಗಳು ಸೂಪರ್‌ಯೂಸರ್‌ಗೆ (ಡೇಟಾಬೇಸಿನ ಸರ್ವಾಧಿಕಾರದ ಖಾತೆ) ಮೀಸಲು, ಆದ್ದರಿಂದ ತಂತ್ರಾಂಶವೇ ಆ ಖಾತೆಯನ್ನು ಬಳಸಿ ಆ ಜಾಗಗಳನ್ನೂ ತುಂಬಿರದಿದ್ದರೆ, ಜಾಗ ಮುಗಿದ ಹೊತ್ತಿನಲ್ಲಿಯೂ ನೀವು ಅದರಿಂದ ಒಳಹೋಗಿ, ಪ್ರತಿ ಕನೆಕ್ಷನ್ ಏನು ಮಾಡುತ್ತಿದೆ ಎಂದು ತೋರಿಸುವ ‘ಪಿಜಿ_ಸ್ಟ್ಯಾಟ್_ಆಕ್ಟಿವಿಟಿ’ಯನ್ನು ನೋಡಬಹುದು. ಅಲ್ಲಿ ಸ್ಥಿತಿಯ ಕಾಲಮ್‌ನಲ್ಲಿ ಬಹುತೇಕ ಸಾಲುಗಳು ‘ಐಡಲ್’ ಎಂದಿದ್ದರೆ ನಾನು ಹೇಳಿದ ಕಾಯಿಲೆಯೇ ಸರಿ: ‘ವಿತ್’ ವಹಿವಾಟನ್ನು ಮುಗಿಸಿದೆ, ಕನೆಕ್ಷನ್ನನ್ನು ಬಿಟ್ಟುಹೋಗಿದೆ. ‘ಐಡಲ್ ಇನ್ ಟ್ರಾನ್ಸಾಕ್ಷನ್’ ಎಂದಿದ್ದರೆ ಮಾತ್ರ ಅದು ಬೇರೆಯದೇ ತೊಂದರೆ, ಇನ್ನೂ ಕೆಟ್ಟದ್ದು. ಮುಗಿಯದ ಹಳೆಯ ವಹಿವಾಟು, ಅಳಿಸಿದ ಅಥವಾ ಬದಲಿಸಿದ ಮೇಲೆ ಉಳಿದ ಸತ್ತ ಸಾಲುಗಳನ್ನು ಪೋಸ್ಟ್‌ಗ್ರೆಸ್‌ನ ಸ್ವಚ್ಛತಾ ಕೆಲಸವಾದ ವ್ಯಾಕ್ಯೂಮ್ ತೆಗೆದುಹಾಕದಂತೆ ತಡೆಯುವುದರಿಂದ ಟೇಬಲ್‌ಗಳು ಊದಿಕೊಳ್ಳುತ್ತಾ ಹೋಗುತ್ತವೆ.

ಪರಿಹಾರ ಎರಡು ಸಾಲಿನದು. ಪೈಥಾನ್‌ನೊಂದಿಗೇ ಬರುವ ಕಾಂಟೆಕ್ಸ್ಟ್‌ಲಿಬ್ ಮಾಡ್ಯೂಲಿನಲ್ಲಿರುವ ‘ಕ್ಲೋಸಿಂಗ್’ ಎಂಬುದರೊಳಗೆ ಕನೆಕ್ಷನ್ನನ್ನು ಇಟ್ಟು ಹೊರಗಿನ ‘ವಿತ್’ ಬರೆಯಿರಿ. ಅದರ ಒಳಗೆ ನೀವು ಈಗ ಬರೆದಿರುವ ‘ವಿತ್’ ಹಾಗೆಯೇ ಇರಲಿ. ಒಳಗಿನದು ಕಮಿಟ್ ಮಾಡುತ್ತದೆ, ಹೊರಗಿನದು ಮುಚ್ಚುತ್ತದೆ. ‘ಕ್ಲೋಸಿಂಗ್’ ಸಿಕ್ಕಿತೆಂದು ಒಳಗಿನದನ್ನು ತೆಗೆದುಹಾಕಿದರೆ ಕಮಿಟ್ ಆಗದ ಬರಹವೆಲ್ಲ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಹಾಲಿನ ಲೆಕ್ಕದಲ್ಲಿ ಹಾಗಾಗಬಾರದು. ‘ವರದಿ’ಯೊಳಗೆ ಕನೆಕ್ಷನ್ ಇಡುವುದನ್ನೇ ಬಿಟ್ಟು, ಬೇಕಾದ ಮೆಥಡ್‌ಗೆ ಅದನ್ನು ಹೊರಗಿನಿಂದ ಕೊಡುವುದು ಇನ್ನೂ ಒಳ್ಳೆಯದು.

ಪ್ರಶ್ನೆ: ನಾನು ವಿದ್ಯಾರ್ಥಿನಿ. ಎಸ್‌ಕ್ಯೂಲೈಟ್ ಡೇಟಾಬೇಸ್ ಬಳಸುತ್ತೇನೆ. ಪೈಥಾನ್‌ನ ಎಸ್‌ಕ್ಯೂಲೈಟ್3 ಮಾಡ್ಯೂಲಿಗೂ ಈ ಎಚ್ಚರಿಕೆ ಬೇಕೆ?
— ಧಾರವಾಡದ ಓದುಗರು

ಉತ್ತರ: ಬೇಕು. ಅಲ್ಲಿಯೂ ‘ವಿತ್’ ವಹಿವಾಟನ್ನು ಮಾತ್ರ ಮುಗಿಸುತ್ತದೆ. ಪೈಥಾನ್ 3.13ರಿಂದ ಈಚೆಗೆ, ಮುಚ್ಚದೆ ಬಿಟ್ಟ ಕನೆಕ್ಷನ್ ಅಳಿಯುವಾಗ ‘ರಿಸೋರ್ಸ್ ವಾರ್ನಿಂಗ್’ ಹೊರಡುತ್ತದೆ, ಆದರೆ ಈ ಬಗೆಯ ಎಚ್ಚರಿಕೆ ಸಾಮಾನ್ಯವಾಗಿ ಮರೆಯಲ್ಲಿರುತ್ತದೆ. ಪೈಥಾನನ್ನು ಡೆವಲಪ್‌ಮೆಂಟ್ ಮೋಡ್‌ನಲ್ಲಿ ನಡೆಸಿದರೆ ಕಾಣುತ್ತದೆ.

ಪ್ರಶ್ನೆ: ಜಾವಾದಲ್ಲಿ ಹಿಕಾರಿಸಿಪಿ ಪೂಲ್ (ತೆರೆದ ಕನೆಕ್ಷನ್‌ಗಳನ್ನು ಇಟ್ಟುಕೊಂಡು ಬೇಕಾದಾಗ ಕೊಡುವ ಲೈಬ್ರರಿ) ಬಳಸುತ್ತೇವೆ. ಪೂಲ್‌ನಿಂದ ಪಡೆದ ಕನೆಕ್ಷನ್ನನ್ನು ಕ್ಲೋಸ್ ಮಾಡಿದರೆ ಪೂಲ್ ಇಟ್ಟುಕೊಂಡ ಪ್ರಯೋಜನವೇ ಹೋಗುವುದಿಲ್ಲವೆ?
— ಬೆಂಗಳೂರಿನ ಓದುಗರು

ಉತ್ತರ: ಹೋಗುವುದಿಲ್ಲ. ಗಂಟೆ ಲೆಕ್ಕದ ಬಾಡಿಗೆ ಸೈಕಲ್ ಅಂಗಡಿಯನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು: ಅಲ್ಲಿ ‘ಮುಗಿಯಿತು’ ಎಂದರೆ ಸೈಕಲನ್ನು ಅಂಗಡಿಗೆ ತಂದು ನಿಲ್ಲಿಸುವುದು, ಗುಜರಿಗೆ ಹಾಕುವುದಲ್ಲ. ಪೂಲ್ ನಿಮಗೆ ಕೊಡುವುದು ನಿಜವಾದ ಕನೆಕ್ಷನ್‌ಗೆ ಹೊದಿಸಿದ ಒಂದು ಹೊದಿಕೆ. ಅದರ ಕ್ಲೋಸ್ ಎಂದರೆ ಹಿಂದಿರುಗಿಸುವುದು. ಹಿಂದಿರುಗಿಸದಿದ್ದರೇ ತೊಂದರೆ. ಹಿಕಾರಿಯ ಮೂಲ ಮಿತಿ 10 ಕನೆಕ್ಷನ್‌ಗಳು. ಹತ್ತೂ ಹೊರಗಿದ್ದರೆ ಹನ್ನೊಂದನೆಯವರು 30 ಸೆಕೆಂಡು ಕಾದು ದೋಷ ಪಡೆಯುತ್ತಾರೆ. 2011ರಲ್ಲಿ ಜಾವಾ 7 ತಂದ ‘ಟ್ರೈ ವಿತ್ ರಿಸೋರ್ಸಸ್’ ಇದಕ್ಕೆ ಸರಿಯಾದ ಉಪಾಯ: ಕನೆಕ್ಷನ್, ಸ್ಟೇಟ್‌ಮೆಂಟ್, ರಿಸಲ್ಟ್‌ಸೆಟ್ ಮೂರನ್ನೂ ಅದರ ಆವರಣದಲ್ಲಿ ಘೋಷಿಸಿದರೆ ತೆರೆದದ್ದಕ್ಕೆ ವಿರುದ್ಧ ಕ್ರಮದಲ್ಲಿ ಒಂದೊಂದಾಗಿ ಮುಚ್ಚುತ್ತದೆ, ನಡುವೆ ಎಕ್ಸೆಪ್ಷನ್ ಬಂದರೂ ಬಿಡುವುದಿಲ್ಲ. ಹಳೆಯ ಕೋಡಿನಲ್ಲಿ, ಆಬ್ಜೆಕ್ಟ್ ಅಳಿಯುವ ಮುನ್ನ ಗಾರ್ಬೇಜ್ ಕಲೆಕ್ಟರ್ ಕರೆಯುವ ‘ಫೈನಲೈಜ್’ ಮೆಥಡ್ ಬರೆದು ಅದನ್ನು ನಂಬಿದ್ದರೆ ತೆಗೆಯಿರಿ. ಜಾವಾ 9ರಿಂದಲೇ ಅದನ್ನು ಬಳಸಬೇಡಿರೆಂದು ಸೂಚಿಸಲಾಗಿದೆ.

ಸೋರಿಕೆ ಎಲ್ಲಿದೆಯೆಂದು ತಿಳಿಯದಿದ್ದರೆ ಹಿಕಾರಿಯ ‘ಲೀಕ್ ಡಿಟೆಕ್ಷನ್ ಥ್ರೆಶೋಲ್ಡ್’ ಅನ್ನು ಚಾಲೂ ಮಾಡಿ. ಮೊದಲಿಗೆ ಅದು ಸ್ಥಗಿತವಾಗಿರುತ್ತದೆ. ಹೇಳಿದ ಅವಧಿ ಮೀರಿ ಹೊರಗುಳಿದ ಕನೆಕ್ಷನ್ನನ್ನು ಯಾವ ಸಾಲಿನಲ್ಲಿ ಪಡೆದಿರಿ ಎಂಬುದು ಲಾಗ್‌ನಲ್ಲಿ ಸಿಗುತ್ತದೆ. ಅದು ಎಚ್ಚರಿಸುತ್ತದೆಯೇ ಹೊರತು ಕನೆಕ್ಷನ್ನನ್ನು ಕಿತ್ತುಕೊಳ್ಳುವುದಿಲ್ಲ, ಮತ್ತು ನಿಜಕ್ಕೂ ದೀರ್ಘವಾಗಿ ನಡೆಯುವ ಕ್ವೆರಿಗಳ ಮೇಲೂ ದೂರುತ್ತದೆ. ಆದ್ದರಿಂದ ಅವಧಿಯನ್ನು ನಿಮ್ಮ ಅತಿ ನಿಧಾನವಾದ ಕ್ವೆರಿಗಿಂತ ತುಸು ಹೆಚ್ಚಾಗಿ ಇಡಿ.