ಆಯಿ ಬಾಯಿ ತೆರೆಯುವುದಿಲ್ಲ, ನಾನಾದರೂ ತೆರೆಯಲೇ?

ಪ್ರಶ್ನೆ: ನಾನು ಕುಮಟೆಯವಳು, ವಯಸ್ಸು 51. ಅಪ್ಪ ತೀರಿಕೊಂಡ ಮೇಲೆ 79 ವರ್ಷದ ಆಯಿ ಶಿರಸಿ ಸಮೀಪದ ಒಂದು ವೃದ್ಧಾಶ್ರಮದಲ್ಲಿದ್ದಾಳೆ. ಖರ್ಚು ಬೆಂಗಳೂರಿನ ಅಣ್ಣನದು, ಹೋಗಿ ನೋಡಿಬರುವುದು ನನ್ನದು. ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಾರೆ, ಹಾಗಾಗಿ ತಿಂಗಳಿಗೊಮ್ಮೆ ಹೋದರೆ ಹೆಚ್ಚು. ಕಳೆದ ಸಲ ಅಪ್ಪೆಮಿಡಿ ಉಪ್ಪಿನಕಾಯಿ ಒಯ್ದಿದ್ದೆ. ಮಿಡಿ ಎಂದರೆ ಜೀವ ಬಿಡುವ ಆಯಿ ಅದನ್ನು ತಟ್ಟೆಯ ಅಂಚಿಗೆ ಸರಿಸಿ ಬರೀ ಗಂಜಿ ಕುಡಿದಳು. ಹತ್ತಿರ ಕೂತರೆ ಬಾಯಿ ವಾಸನೆ. ಮೇಲಿನ ಹಲ್ಲುಸೆಟ್ಟು ತೆಗೆಯದೆ ಎಷ್ಟು ದಿನವಾಗಿತ್ತೋ, ಒತ್ತಾಯ ಮಾಡಿ ತೆಗೆಸಿದರೆ ಅಂಗುಳವೆಲ್ಲ ಕೆಂಪು. ಕೆಳಗಿನ ಎರಡು ಹಲ್ಲು ಮುರಿದು ಬೇರಷ್ಟೇ ಉಳಿದಿದೆ. ರವಿಕೆ ಸಡಿಲವಾಗುವಷ್ಟು ಇಳಿದುಹೋಗಿದ್ದಾಳೆ. ಆಯಾಳನ್ನು ಕೇಳಿದರೆ ‘ನಾವು ಬ್ರಶ್ ಹಿಡಿದರೆ ಅಮ್ಮ ಕೈ ತಳ್ಳುತ್ತಾರೆ’ ಎಂದಳು. ಮ್ಯಾನೇಜರ್ ‘ವಯಸ್ಸಾದ ಮೇಲೆ ಹಲ್ಲು ಇಷ್ಟೇ ಅಲ್ಲವೇ’ ಎಂದರು. ಅಣ್ಣ, ‘ಈ ವಯಸ್ಸಲ್ಲಿ ಡೆಂಟಿಸ್ಟ್ ಯಾಕೆ? ಆಶ್ರಮದವರ ಹತ್ತಿರ ಜಗಳ ಮಾಡಬೇಡ, ಬೇರೆಲ್ಲಿ ಜಾಗ ಸಿಗುತ್ತದೆ’ ಎನ್ನುತ್ತಾನೆ. ಆಯಿಯೂ ‘ನನ್ನ ಸಲುವಾಗಿ ಏನೂ ಹೇಳಬೇಡ ತಂಗಿ’ ಎಂದು ಕೈ ಹಿಡಿದುಕೊಂಡಳು. ದೂರು ಹೇಳಿದರೆ ಸಿಟ್ಟು ಆಯಿಯ ಮೇಲೆ ತಿರುಗೀತೆಂಬ ಹೆದರಿಕೆ, ಸುಮ್ಮನಿದ್ದರೆ ಹೊಟ್ಟೆಯೊಳಗೆ ಸಂಕಟ. ಮನೆಗೇ ಕರೆತಂದುಬಿಡಲೇ? ಇನ್ನೊಂದು, ಅವಳ ಕವಳ (ಎಲೆಯಡಿಕೆ) ಬಿಡಿಸಬೇಕೇ? – ಹೆಸರು ಬೇಡ, ಕುಮಟಾ

ಉತ್ತರ: ನಿಮ್ಮ ಪತ್ರದಲ್ಲಿ ಆಯಾ ಏನಂದರು, ಮ್ಯಾನೇಜರ್ ಏನಂದರು, ಅಣ್ಣ ಏನಂದರು ಎಲ್ಲ ಇದೆ. ಬಾಯಿ ನೋಯುತ್ತದೆಯೇ ಎಂದು ಆಯಿಯನ್ನು ಕೇಳಿದಿರೋ, ಅದಕ್ಕೆ ಅವರೇನಂದರೋ, ಅದು ಮಾತ್ರ ಇಲ್ಲ. ಮುಂದಿನ ಸಲ ಅದನ್ನೇ ಮೊದಲು ಕೇಳಿ. ಕೋಣೆಯಲ್ಲಿ ಉಳಿದವರ ಎದುರಿಗೆ ಬೇಡ, ಜಗುಲಿಗೋ ಅಂಗಳಕ್ಕೋ ಕರೆದುಕೊಂಡು ಹೋಗಿ ಕೇಳಿ. ಯಾವ ಬದಿಯಲ್ಲಿ ಅಗಿಯುತ್ತೀ, ಬಿಸಿ ಚಹಾ ತಾಗಿದರೆ ಜುಮ್ಮೆನ್ನುತ್ತದೆಯೇ, ರಾತ್ರಿ ಎಚ್ಚರವಾಗುತ್ತದೆಯೇ ಎಂದು ಬಿಡಿಸಿ ಬಿಡಿಸಿ ಕೇಳಿ. ‘ಹೇಗಿದ್ದೀ’ ಎಂದರೆ ಆ ತಲೆಮಾರಿನವರು ‘ಅಡ್ಡಿಲ್ಲೆ’ ಎಂದಷ್ಟೇ ಹೇಳಿ ಮುಗಿಸುತ್ತಾರೆ, ಅದು ನಿಮಗೂ ಗೊತ್ತು.

ಕೈ ತಳ್ಳುವುದನ್ನು ಹಟ ಎಂದುಕೊಳ್ಳಬೇಡಿ. ಬೇರು ಮಾತ್ರ ಉಳಿದ ಹಲ್ಲಿಗೆ ಗಟ್ಟಿ ಬ್ರಶ್ ತಾಗಿದರೆ ಯಾರಾದರೂ ಕೈ ತಳ್ಳುತ್ತಾರೆ. ಸೆಟ್ಟು ತೆಗೆಯದಿರುವುದಕ್ಕೆ ಕಾರಣ ಬೇರೆ ಇರಬಹುದು. ನಾಲ್ಕು ಜನರಿರುವ ಕೋಣೆಯಲ್ಲಿ ಬೊಚ್ಚುಬಾಯಿ ಕಾಣಿಸಲು ಹೆಂಗಸರಿಗೆ ನಾಚಿಕೆ. ತೆಗೆದಿಟ್ಟರೆ ಕಳೆದುಹೋದೀತು, ಬೇರೆಯವರದರ ಜೊತೆ ಅದಲುಬದಲಾದೀತು ಎಂಬ ಭಯವೂ ಇರುತ್ತದೆ. ಎಲ್ಲರ ಸೆಟ್ಟನ್ನೂ ಒಂದೇ ಬೋಗುಣಿಯಲ್ಲಿ ತೊಳೆಯುವ ಕಡೆ ಅದು ಸುಳ್ಳು ಭಯವೇನಲ್ಲ. ಮುಚ್ಚಳವಿರುವ ಒಂದು ಡಬ್ಬಿ ಕೊಂಡು ಅದರ ಮೇಲೆ ಹೆಸರು ಬರೆದುಕೊಡಿ. ಸೆಟ್ಟಿನ ಒಳಮೈಯಲ್ಲೇ ಹೆಸರು ಹಾಕಿಕೊಡಲು ದಂತವೈದ್ಯರಿಗೆ ಹೇಳಿ, ಅದು ದೊಡ್ಡ ಕೆಲಸವಲ್ಲ. ತೆಗೆಯುವುದು, ಹಾಕುವುದು ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಆಗಲಿ.

ಅಂಗುಳ ಕೆಂಪಾಗಿರುವುದಕ್ಕೆ ಹೆಚ್ಚಾಗಿ ಕಾರಣ ಸೆಟ್ಟನ್ನು ಹಗಲೂ ರಾತ್ರಿ ಬಾಯಲ್ಲೇ ಇಟ್ಟುಕೊಳ್ಳುವುದು. ಅದರಡಿಯಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆಯುತ್ತದೆ. ವೈದ್ಯರು ಔಷಧಿ ಕೊಡುತ್ತಾರೆ, ಆದರೆ ಬಾಯಿಗೆ ಔಷಧಿ ಹಚ್ಚಿ ಸೆಟ್ಟನ್ನು ಹಾಗೆಯೇ ಬಿಟ್ಟರೆ ಅದು ಮತ್ತೆ ಬರುತ್ತದೆ. ರಾತ್ರಿ ಸೆಟ್ಟು ತೆಗೆದು ಮೆತ್ತಗಿನ ಬ್ರಶ್ಶು, ಸ್ವಲ್ಪ ಸೋಪು ಹಾಕಿ ಉಜ್ಜಿ, ತೊಳೆದು, ತಣ್ಣೀರಿನಲ್ಲಿ ಮುಳುಗಿಸಿಡಬೇಕು. ಪೇಸ್ಟ್ ಬೇಡ, ಅದು ಸೆಟ್ಟಿನ ಮೈ ಗೀರುತ್ತದೆ. ಕುದಿವ ನೀರಂತೂ ಬೇಡವೇ ಬೇಡ, ಸೆಟ್ಟು ಸೊಟ್ಟಗಾಗುತ್ತದೆ. ತೊಳೆಯುವಾಗ ಕೆಳಗೆ ನೀರು ತುಂಬಿದ ಬಕೆಟ್ಟೋ ಮಡಿಸಿದ ಟವೆಲ್ಲೋ ಇದ್ದರೆ ಕೈ ಜಾರಿದರೂ ಒಡೆಯುವುದಿಲ್ಲ.

ಈಗ ನಿಮ್ಮ ಅಣ್ಣನ ಪ್ರಶ್ನೆ. ಈ ವಯಸ್ಸಲ್ಲಿ ಡೆಂಟಿಸ್ಟ್ ಯಾಕೆ? ಊಟ ಮಾಡುವುದಕ್ಕೆ. ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಬೇಕೆಂದರೆ ಅದೂ ಇದೆ. ಶುಚಿಯಿಲ್ಲದ ಬಾಯಿಯ ಕೀಟಾಣುಗಳು ಎಂಜಲಿನ ಜೊತೆ ಶ್ವಾಸಕೋಶಕ್ಕಿಳಿದರೆ ವಯಸ್ಸಾದವರಿಗೆ ನ್ಯುಮೋನಿಯಾ ಆಗಬಹುದು. ಜಪಾನಿನ 11 ವೃದ್ಧಾಶ್ರಮಗಳಲ್ಲಿ 2 ವರ್ಷ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರೈಕೆಯವರು ದಿನಾ ಊಟದ ನಂತರ ಬಾಯಿ ಶುಚಿ ಮಾಡಿದವರ ಪೈಕಿ ಶೇ. 11ರಷ್ಟು ಜನರಿಗೆ, ಮಾಡದವರ ಪೈಕಿ ಶೇ. 19ರಷ್ಟು ಜನರಿಗೆ ನ್ಯುಮೋನಿಯಾ ಬಂದಿತ್ತು. ಆಮೇಲೆ ಬೇರೆ ಕಡೆ ನಡೆದ ಎಲ್ಲ ಅಧ್ಯಯನಗಳಲ್ಲೂ ಇಷ್ಟೊಂದು ಅಂತರ ಕಂಡಿಲ್ಲ, ಅದನ್ನೂ ಹೇಳಬೇಕು. ಆಯಿಗೆ ಸಕ್ಕರೆ ಕಾಯಿಲೆ ಇದ್ದರಂತೂ ವಸಡಿನ ಸೋಂಕು ಸಕ್ಕರೆಯನ್ನು ಏರಿಸುತ್ತದೆ, ಸಕ್ಕರೆ ಏರಿದರೆ ವಸಡು ಇನ್ನಷ್ಟು ಕೆಡುತ್ತದೆ. ಇಷ್ಟನ್ನು ಅಣ್ಣನಿಗೆ ಫೋನಿನಲ್ಲಿ ಹೇಳಿ. ಆಯಿಯ ಬಾಯಿಯ ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ, ಅವರ ಮರ್ಯಾದೆ ಹೋಗುತ್ತದೆ. ತಿಂಗಳ ಹಣ ಕಟ್ಟಿದರೆ ಮಗನ ಕೆಲಸ ಮುಗಿಯಿತೆಂದು ಅವರು ಅಂದುಕೊಂಡಂತಿದೆ. ದಂತವೈದ್ಯರ ಬಳಿ ಮಾತಾಡುವ ಕೆಲಸವನ್ನು ಅವರಿಗೇ ಒಪ್ಪಿಸಿ.

ಆಶ್ರಮದವರ ಬಳಿ ಮಾತಾಡಲೇಬೇಕು, ಆದರೆ ದೂರಿನಿಂದ ಶುರು ಮಾಡಬೇಡಿ. ಊಟದ ಗಡಿಬಿಡಿ ಮುಗಿದ ಹೊತ್ತಿಗೆ ಹೋಗಿ, ಆಯಾಳನ್ನು ಕೂರಿಸಿಕೊಂಡು, ನೀವೇ ಒಮ್ಮೆ ಆಯಿಯ ಹಲ್ಲು ಉಜ್ಜಿ ತೋರಿಸಿ. ಅವಳಿಗೆ ಇದನ್ನು ಯಾರೂ ಕಲಿಸಿರಲಿಕ್ಕಿಲ್ಲ. ಮಲಗಿಸಿ ಉಜ್ಜಬಾರದು, ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಬೇಕು. ಎದುರಿಗೆ ನಿಂತು ಒಮ್ಮೆಲೇ ಬಾಯಿಗೆ ಕೈ ಹಾಕಿದರೆ ಯಾರಿಗಾದರೂ ಗಾಬರಿಯೇ. ಪಕ್ಕದಲ್ಲಿ ನಿಂತು, ‘ಆಯಿ, ಈಗ ಕೆಳಗಿನ ಹಲ್ಲು’ ಎಂದು ಹೇಳಿಯೇ ಮುಟ್ಟಿ. ಬ್ರಶ್ಶನ್ನು ಆಯಿಯ ಕೈಗೇ ಕೊಟ್ಟು ಆ ಕೈಯ ಮೇಲೆ ನಿಮ್ಮ ಕೈ ಇಟ್ಟರೆ ಎಷ್ಟೋ ಜನ ಒಪ್ಪುತ್ತಾರೆ. ಚಿಕ್ಕ ತಲೆಯ ಮೆತ್ತಗಿನ ಬ್ರಶ್ಶು, ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಉಗುಳಿದ ಮೇಲೆ ಬಹಳ ಮುಕ್ಕಳಿಸುವುದು ಬೇಡ. ನೀರು ನೆತ್ತಿಗೇರುವವರಿಗೆ ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಿಂದ ವಸಡು, ನಾಲಿಗೆ ಒರೆಸಿದರಾಯಿತು. ಹಲ್ಲಿನ ನಡುವೆ ಬೆರಳು ಮಾತ್ರ ಇಡಬಾರದು. ಒಲ್ಲೆ ಎಂದರೆ ಬಿಟ್ಟು ಅರ್ಧ ಗಂಟೆ ಕಳೆದು ಬರಲಿ. ಒಂದೇ ಹೊತ್ತು ಸಾಧ್ಯವಾದರೆ ಅದು ರಾತ್ರಿಯದ್ದಾಗಲಿ, ನಿದ್ದೆಯಲ್ಲಿ ಎಂಜಲು ಕಡಿಮೆಯಾಗಿ ಹಲ್ಲು ಬೇಗ ಹಾಳಾಗುವುದು ಆಗಲೇ.

ಮ್ಯಾನೇಜರ್ ಬಳಿ ಕೇಳಬೇಕಾದ್ದು ಒಂದೇ. ಮಾತ್ರೆ ಕೊಟ್ಟದ್ದನ್ನು ಬರೆಯುವ ಪುಸ್ತಕದಲ್ಲಿ ‘ರಾತ್ರಿ ಸೆಟ್ಟು ತೆಗೆದಿದೆ, ಬಾಯಿ ಶುಚಿ ಮಾಡಿದೆ’ ಎಂಬ ಒಂದು ಸಾಲೂ ಸೇರಲಿ. ಬಾಯಿಮಾತಿನ ಭರವಸೆ ಆಯಾ ಬದಲಾದ ದಿನವೇ ಮುಗಿಯುತ್ತದೆ. ಆಯಾಳ ಕೈಗೆ ಒಂದಿಷ್ಟು ದುಡ್ಡು, ಹಬ್ಬಕ್ಕೊಂದು ಸೀರೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಸಿಗುತ್ತಾರೆ. ನನಗೆ ಆ ದಾರಿ ಇಷ್ಟವಿಲ್ಲ. ಪಕ್ಕದ ಮಂಚದ, ಕೇಳಲು ಯಾರೂ ಬಾರದ ಅಜ್ಜಿಯ ಬಾಯಿ ಆಗ ಏನಾಗಬೇಕು? ಬೇರೆ ಮನೆಯವರನ್ನೂ ಸೇರಿಸಿಕೊಂಡು, ವರ್ಷಕ್ಕೊಮ್ಮೆಯಾದರೂ ದಂತವೈದ್ಯರು ಆಶ್ರಮಕ್ಕೇ ಬಂದು ಎಲ್ಲರನ್ನೂ ನೋಡಲಿ ಎಂದು ಕೇಳಿ. ಹತ್ತು ಮನೆಯವರು ಕೇಳಿದ್ದಕ್ಕೆ ನಿಮ್ಮ ಆಯಿಯೊಬ್ಬರ ಮೇಲೆ ಸಿಟ್ಟು ತೀರಿಸಿಕೊಳ್ಳಲು ಬರುವುದಿಲ್ಲ. ‘ಏನೂ ಹೇಳಬೇಡ’ ಎಂದ ಆಯಿಗೂ ಇದನ್ನೇ ಹೇಳಿ ಸಮಾಧಾನ ಮಾಡಿ. ಆಮೇಲೂ ಏನೂ ಆಗದಿದ್ದರೆ, ಆಯಿಯ ಜೊತೆ ಒರಟಾಗಿ ನಡೆದುಕೊಳ್ಳುತ್ತಿದ್ದಾರೆ ಅನಿಸಿದರೆ, ಹಿರಿಯ ನಾಗರಿಕರ ಉಚಿತ ಸಹಾಯವಾಣಿ 14567ಕ್ಕೆ ಬೆಳಿಗ್ಗೆ 8ರಿಂದ ರಾತ್ರಿ 8ರೊಳಗೆ ಫೋನ್ ಮಾಡಿ.

ದಂತವೈದ್ಯರಿಗೆ ತೋರಿಸಲು ದೇವಿಮನೆ ಘಟ್ಟ ಇಳಿಸಿ ಕುಮಟೆಗೆ ಕರೆತರಬೇಕಿಲ್ಲ, ಶಿರಸಿಯಲ್ಲೇ ತೋರಿಸಿ. ಹೋಗುವಾಗ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತದ ಮಾತ್ರೆ ಇದ್ದರೆ ಹಲ್ಲು ಕೀಳುವ ಮೊದಲೇ ಅವರಿಗೆ ತಿಳಿದಿರಬೇಕು. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಬಿಪಿಯ, ನಿದ್ದೆಯ ಕೆಲವು ಮಾತ್ರೆಗಳಿಂದ ಬಾಯಿ ಒಣಗಿ ಹಲ್ಲು ಹುಳುಕಾಗುತ್ತದೆ, ಅದನ್ನೂ ಕೇಳಿ ನೋಡಿ. ಮೊದಲು ಬೇರಿನ ನೋವು ಹೋಗಲಿ, ಹೊಸ ಸೆಟ್ಟಿನ ಮಾತು ಆಮೇಲೆ. ಹಲ್ಲಿಲ್ಲದ ದವಡೆಯ ಮೂಳೆ ವರ್ಷ ಕಳೆದಂತೆ ಸವೆಯುವುದರಿಂದ ಹಳೆಯ ಸೆಟ್ಟು ಸಡಿಲವಾಗಿರಲೂಬಹುದು. ಅಂದಹಾಗೆ, ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ಟು ಕೊಡಲೆಂದು ರಾಜ್ಯ ಸರ್ಕಾರ ತಂದದ್ದು ದಂತಭಾಗ್ಯ ಯೋಜನೆ. ಆಶ್ರಮದಲ್ಲಿ ಅಂಥವರಿದ್ದರೆ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಲು ಹೇಳಿ. ಕೆನ್ನೆ ಊದಿ ಜ್ವರ ಬಂದರೆ ಅಥವಾ ನುಂಗಲಾಗದಿದ್ದರೆ ಅಂದೇ ಕರೆದೊಯ್ಯಬೇಕು ಎಂದು ಮ್ಯಾನೇಜರ್‌ಗೆ ಈಗಲೇ ಹೇಳಿಡಿ.

ಮನೆಗೆ ಕರೆತರುವ ವಿಚಾರವನ್ನು ಹಲ್ಲಿನ ಸಂಕಟದಲ್ಲಿ ತೀರ್ಮಾನಿಸಬೇಡಿ. ಅತ್ತೆಯ ಆರೈಕೆಯಲ್ಲೇ ಸೋತ ಕೈಗಳು ನಿಮ್ಮವು. ಮೂರು ತಿಂಗಳು ನೋಡಿ, ಆಯಿಯ ತೂಕ ಏರದಿದ್ದರೆ, ಆಶ್ರಮದವರು ಜಪ್ಪಯ್ಯ ಎನ್ನದಿದ್ದರೆ, ಆಗ ಅಣ್ಣನನ್ನೂ ಕೂರಿಸಿಕೊಂಡು ಮಾತಾಡಿ.

ಕವಳದ ಮಾತು. ಹೊಗೆಸೊಪ್ಪು ಬಿಡಲೇಬೇಕು. ತೋಟದವರಿಗೆ ಕೇಳಲು ಕಹಿ, ಆದರೆ ಬರೀ ಅಡಿಕೆಯೂ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಬಾಯಿ ಮಾಯುವ ತನಕವಂತೂ ಕುಟ್ಟಾಣಿಯಲ್ಲಿ ಕುಟ್ಟಿದ್ದೂ ಬೇಡ. ಆಮೇಲೆ ಊಟದ ನಂತರ ಬರೀ ಎಲೆ, ಒಂದು ಲವಂಗ ಕೊಟ್ಟು ನೋಡಿ. ಎರಡು ವಾರ ಕಳೆದರೂ ಮಾಯದ ಹುಣ್ಣು, ಕೆನ್ನೆಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ದಂತವೈದ್ಯರು ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕಾಗುತ್ತದೆ. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸಲ ಎಂದು ಅವರು ಕೇಳುತ್ತಾರೆ. ಆಯಿ ಕಡಿಮೆ ಮಾಡಿ ಹೇಳಿದರೆ ಸರಿಯಾದ ಲೆಕ್ಕ ನೀವು ಹೇಳಿ.