ಮೌಸ್ ಪಕ್ಕಕ್ಕಿಟ್ಟು ನೋಡಿ

ಪ್ರಶ್ನೆ: ನಮ್ಮದು ಸೀರೆ ಅಂಗಡಿ. ವೆಬ್‌ಸೈಟ್‌ನಲ್ಲೂ ಮಾರುತ್ತೇವೆ. ಕಣ್ಣು ಕಾಣದ ಗ್ರಾಹಕರೊಬ್ಬರು ಫೋನ್ ಮಾಡಿ, ಸೈಟಿನಲ್ಲಿ ಏನೂ ತಿಳಿಯುವುದಿಲ್ಲ ಅಂದರು. ಪರೀಕ್ಷೆ ಮಾಡುವುದು ಹೇಗೆ? ಖರ್ಚು ಜಾಸ್ತಿಯಾ?
- ಒಬ್ಬ ಓದುಗರು, ಇಳಕಲ್

ಉತ್ತರ: ಖರ್ಚಿನ ಮಾತು ಆಮೇಲೆ. ಮೌಸ್ ಪಕ್ಕಕ್ಕಿಡಿ. ಬರೀ ಟ್ಯಾಬ್, ಎಂಟರ್ ಒತ್ತಿ ನಿಮ್ಮದೇ ಸೈಟಿನಲ್ಲಿ ಒಂದು ಸೀರೆ ಕೊಂಡು ನೋಡಿ. ನೀವು ಎಲ್ಲಿ ಸಿಕ್ಕಿಕೊಳ್ಳುತ್ತೀರೋ ನಾವೂ ಅಲ್ಲೇ. ಹೌದು, ನನಗೂ ಕಣ್ಣು ಕಾಣಿಸುವುದಿಲ್ಲ. ಪರದೆ ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶ ಬಳಸುತ್ತೇನೆ. ಅದು ಉಚಿತ, ಕನ್ನಡವನ್ನೂ ಓದುತ್ತದೆ. ನೀವೂ ಹಾಕಿಕೊಂಡು, ಮಾನಿಟರ್ ಆಫ್ ಮಾಡಿ ಕೇಳಿ.

ಹೋದ ದೀಪಾವಳಿಗೆ ಹೆಂಡತಿಗೆಂದು ಒಂದು ಸೈಟಿನಲ್ಲಿ ಸೀರೆ ಹುಡುಕಿದೆ. ಎನ್‌ವಿಡಿಎ "ಐಎಂಜಿ 4031, ಐಎಂಜಿ 4032" ಅಂತ ಬರೀ ಫೋಟೋ ಫೈಲಿನ ಹೆಸರು ಓದುತ್ತಲೇ ಹೋಯಿತು. ಯಾವುದನ್ನು ಕೊಳ್ಳಲಿ ಹೇಳಿ! ಕೊನೆಗೆ ಸುಮ್ನೆ ಸ್ವೀಟ್ ತಂದೆ. ಚಿತ್ರದ ಆಲ್ಟ್ ಜಾಗದಲ್ಲಿ, ಅಂದರೆ ಚಿತ್ರವನ್ನು ಮಾತಿನಲ್ಲಿ ವಿವರಿಸಲೆಂದು ಕೋಡ್‌ನಲ್ಲಿರುವ ಜಾಗದಲ್ಲಿ, "ಕಪ್ಪು ಮೈ, ಗೋಮಿ ದಡಿ, ಕೆಂಪು ಸೆರಗು" ಅಂತ ಬರೆದಿದ್ದರೆ ಸಾಕಿತ್ತು.

ಅಕ್ಷರ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಕನ್ನಡವೆಂದೇ ಗುರುತಿಸುವ ಸಂಕೇತದಲ್ಲಿ, ಇದೆಯಾ ಅಂತಲೂ ನೋಡಿ. ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸುವ ಹಳೇ ಆಸ್ಕಿ ಫಾಂಟ್ ಇದ್ದರೆ ನಿಮ್ಮ ಕಣ್ಣಿಗೆ ಚೆಂದದ ಕನ್ನಡ, ನಮ್ಮ ಕಿವಿಗೆ ಬರೀ ಗದ್ದಲ. ಪುಟದ ಕೋಡ್‌ನಲ್ಲಿ ಭಾಷೆ ಕನ್ನಡ ಎಂದು ನಮೂದಿಸಿರಬೇಕು. ಮಂದ ದೃಷ್ಟಿಯವರಿಗಾಗಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ತಿಳಿ-ಗಾಢದ ವ್ಯತ್ಯಾಸ (ಕಾಂಟ್ರಾಸ್ಟ್) ಕನಿಷ್ಠ 4.5:1 ಇರಲಿ. ಇದು ವೆಬ್‌ಸೈಟುಗಳು ಅಂಗವಿಕಲರಿಗೂ ಬಳಸಲು ಬರುವಂತಿರಲಿ ಎಂದು ಮಾಡಿದ ಅಂತರರಾಷ್ಟ್ರೀಯ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಲೆಕ್ಕ. ಬಿಳಿಯ ಮೇಲೆ ತೆಳು ಬೂದು ಅಕ್ಷರದ ಫ್ಯಾಷನ್ ಬೇಡ.

ಇಷ್ಟಕ್ಕೆ ನಿಮ್ಮ ಸೈಟ್ ಹುಡುಗನ ಕೆಲವು ದಿನದ ಕೂಲಿ ಸಾಕಾಗಬಹುದು. ಮುಗಿದ ಮೇಲೆ ಆ ಗ್ರಾಹಕರಿಗೇ ಫೋನ್ ಮಾಡಿ, ಇನ್ನೊಮ್ಮೆ ನೋಡಿ ಅನ್ನಿ. ಅವರ ಸಮಯಕ್ಕೆ ಒಂದಿಷ್ಟು ದುಡ್ಡೂ ಕೊಡಿ.