ಡಿವೈಸ್ ಹೆಸರು ಬದಲಿಸುವ ಹತ್ತು ಸಾಲಿನ ಪ್ಯಾಚ್‌ಗೆ ಓಕೆ ಅನ್ನಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಹೀಗೆ. ಬೋರ್ಡ್ ಮೇಲೆ ಒಂದೇ ಥರದ ಎರಡು ಟೆಂಪರೇಚರ್ ಸೆನ್ಸರ್ ಚಿಪ್ ಇವೆ. ಲಿನಕ್ಸ್‌ನಲ್ಲಿ ಎರಡೂ ಒಂದೇ ಹೆಸರಲ್ಲಿ ಕಾಣುತ್ತವೆ, ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ನಿಮ್ಮ ಸಹೋದ್ಯೋಗಿ ಡ್ರೈವರ್ (ಚಿಪ್ ನಡೆಸುವ ಕೋಡ್) ಒಳಗೆ ಒಂದು ಸ್ಟ್ಯಾಟಿಕ್ ಕೌಂಟರ್ (ಎಲ್ಲ ಚಿಪ್‌ಗೂ ಸೇರಿ ಒಂದೇ ಎಣಿಕೆ) ಇಟ್ಟು, ಹೆಸರಿನ ಕೊನೆಗೆ ಹೈಫನ್ ಹಾಕಿ ನಂಬರ್ ಸೇರಿಸಿದ್ದಾರೆ. ಹತ್ತೇ ಸಾಲಿನ ಪ್ಯಾಚ್ (ಕೋಡ್ ಬದಲಾವಣೆ). ಕಂಪೈಲ್ ಆಗುತ್ತದೆ, ಬೋರ್ಡ್ ಮೇಲೆ ಓಡುತ್ತದೆ. ಓಕೆ ಅನ್ನಲಾ ಬೇಡವಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ಕೋಡ್ ಕೆಟ್ಟದಾಗಿದೆ ಅಂತಲ್ಲ. ಈ ಹೆಸರನ್ನು ಡ್ರೈವರ್ ಹೊರಗೆ ಯಾರು ಓದುತ್ತಾರೆ ಅನ್ನುವುದು ಆ ಹತ್ತು ಸಾಲಿನಲ್ಲಿ ಕಾಣುವುದಿಲ್ಲ, ನೀವು ನೋಡಬೇಕಾಗಿರುವುದು ಅದನ್ನೇ.

ಮೊದಲು, ಬದಲಾಗುತ್ತಿರುವುದು ಯಾವ ಹೆಸರು ಅಂತ ಖಚಿತ ಮಾಡಿಕೊಳ್ಳಿ. ಕರ್ನಲ್‌ನಲ್ಲಿ, ಅಂದರೆ ಲಿನಕ್ಸ್‌ನ ತಿರುಳಿನಲ್ಲಿ, ಒಂದೇ ಚಿಪ್‌ಗೆ ನಾಲ್ಕೈದು ಹೆಸರು ಇರುತ್ತವೆ. ಡ್ರೈವರ್‌ನ ಹೆಸರು ಬೇರೆ, ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಡಿವೈಸ್‌ಗಳನ್ನು ಫೈಲ್‌ಗಳಾಗಿ ತೋರಿಸುವ ಜಾಗ) ಕಾಣುವ ಡಿವೈಸ್ ಹೆಸರು ಬೇರೆ, ಇಂಟರಪ್ಟ್ (ಚಿಪ್ ಸಿಪಿಯುವನ್ನು ಕರೆಯುವ ಸಂಕೇತ) ಪಟ್ಟಿಯಲ್ಲಿ ಬರುವುದು ಬೇರೆ, ಎಚ್‌ಡಬ್ಲ್ಯುಮಾನ್ (ಸೆನ್ಸರ್‌ಗಳನ್ನು ನೋಡಿಕೊಳ್ಳುವ ಕರ್ನಲ್ ಭಾಗ) ಫೋಲ್ಡರ್ ಒಳಗಿನ 'ನೇಮ್' ಅನ್ನುವ ಫೈಲ್‌ನಲ್ಲಿ ಇರುವುದು ಮತ್ತೊಂದು. ಪ್ಲಾಟ್‌ಫಾರ್ಮ್ ಡ್ರೈವರ್ ಆಗಿದ್ದು, ಡಿವೈಸ್ ಟ್ರೀ (ಬೋರ್ಡ್ ಮೇಲೆ ಏನೇನಿದೆ ಅಂತ ಕರ್ನಲ್‌ಗೆ ಹೇಳುವ ವಿವರಣೆ) ಇಲ್ಲದೆ ಬರೀ ಹೆಸರು ಹೋಲಿಸಿ ಜೋಡಿ ಆಗುವಂಥದ್ದಾದರೆ, ಡ್ರೈವರ್ ಹೆಸರು ಮುಟ್ಟಿದ ಕೂಡಲೇ ಪ್ರೋಬ್ (ಡ್ರೈವರ್ ಚಿಪ್ಪನ್ನು ವಹಿಸಿಕೊಂಡು ಶುರು ಮಾಡುವ ಹೆಜ್ಜೆ) ಆಗುವುದೇ ನಿಂತುಹೋಗುತ್ತದೆ. ಎರರ್ ಕೂಡ ಬರುವುದಿಲ್ಲ. ನಿಮ್ಮ ಪ್ಯಾಚ್ ಮುಟ್ಟಿರುವುದು ನೇಮ್ ಫೈಲನ್ನು, ಅಲ್ವಾ? ಹಾಗಾದರೆ ಕಥೆ ಸ್ವಲ್ಪ ಮಜವಾಗಿದೆ.

ಎಚ್‌ಡಬ್ಲ್ಯುಮಾನ್‌ನಲ್ಲಿ ಆ ಹೆಸರು ಇರುವುದು ಇದು ಯಾವ ಜಾತಿಯ ಚಿಪ್ ಅಂತ ಹೇಳುವುದಕ್ಕೆ. ಇದು ಮೊದಲನೆಯದಾ ಎರಡನೆಯದಾ ಅಂತ ಹೇಳುವುದಕ್ಕಲ್ಲ. ಎಲ್‌ಎಂ75 ಅನ್ನುವ ಟೆಂಪರೇಚರ್ ಸೆನ್ಸರ್ ಚಿಪ್ ತೆಗೆದುಕೊಳ್ಳಿ. ಐ2ಸಿ ಬಸ್ (ಚಿಪ್‌ಗಳು ಹಂಚಿಕೊಳ್ಳುವ ಎರಡು ತಂತಿಯ ಸಂಪರ್ಕ) ಮೇಲೆ ಇದರ ವಿಳಾಸ ಹೆಕ್ಸ್‌ನಲ್ಲಿ (16ರ ಎಣಿಕೆಯಲ್ಲಿ) 48ರಿಂದ 4ಎಫ್ ತನಕ ಇರಬಹುದು, ಅಂದರೆ ಒಂದೇ ಬಸ್‌ಗೆ 8 ಚಿಪ್ ಕೂರಿಸಬಹುದು, ಎಂಟರ ನೇಮ್ ಫೈಲ್‌ನಲ್ಲೂ ಎಲ್‌ಎಂ75 ಅಂತಲೇ ಇರುತ್ತದೆ. ಸೆನ್ಸರ್ ರೀಡಿಂಗ್ ತೋರಿಸುವ 'ಸೆನ್ಸರ್ಸ್' ಕಮಾಂಡ್ ಹಿಂದಿರುವ ಲೈಬ್ರರಿ ಆ ಹೆಸರಿಗೆ ಬಸ್ ನಂಬರ್ ಮತ್ತು ವಿಳಾಸ ಜೋಡಿಸಿ 'ಎಲ್‌ಎಂ75-ಐ2ಸಿ-0-48' ಅಂತ ತೋರಿಸುತ್ತದೆ. ಎರಡನೇ ಚಿಪ್ 49ರಲ್ಲಿದ್ದರೆ ಕೊನೆಯಲ್ಲಿ 49. ಅಂದರೆ ಎರಡನ್ನು ಬೇರೆ ಮಾಡಿ ಗುರುತಿಸುವ ದಾರಿ ಮೊದಲೇ ಇದೆ, ನಿಮ್ಮ ಪ್ಯಾಚ್ ಇಲ್ಲದ ರೋಗಕ್ಕೆ ಔಷಧಿ ಕೊಡುತ್ತಿದೆ.

ಕೊಟ್ಟ ಔಷಧಿಯೂ ಸರಿ ಇಲ್ಲ. ಮೇಲಿನ ಹೆಸರಿನಲ್ಲಿ ತುಂಡುಗಳ ನಡುವೆ ಹೈಫನ್ ಇದೆ ನೋಡಿ. ಅದಕ್ಕೇ ಚಿಪ್ ಹೆಸರಿನ ಒಳಗೆ ಹೈಫನ್ ಇರಬಾರದು ಅಂತ ನಿಯಮ. ಸ್ಟಾರ್, ಸ್ಪೇಸ್, ಟ್ಯಾಬ್, ಹೊಸ ಸಾಲು, ಇವೂ ಇರಬಾರದು. ಹೆಸರಲ್ಲಿ ಹೈಫನ್ ಇದ್ದರೆ ಕರ್ನಲ್ ಲಾಗ್‌ನಲ್ಲಿ ಇದು ಸರಿಯಾದ ಹೆಸರಲ್ಲ, ಸರಿಪಡಿಸಿ ಅಂತ ಒಂದು ವಾರ್ನಿಂಗ್ ಬರುತ್ತದೆ, ಆದರೆ ಡಿವೈಸ್ ರಿಜಿಸ್ಟರ್ ಆಗಿಬಿಡುತ್ತದೆ. ನಿಮ್ಮ ಸಹೋದ್ಯೋಗಿ ಲಾಗ್ ನೋಡಿರಲಿಕ್ಕಿಲ್ಲ, ನೀವು ಒಮ್ಮೆ ನೋಡಿ. ಇನ್ನು ಹೈಫನ್ ತೆಗೆದು ಅಂಡರ್‌ಸ್ಕೋರ್ ಹಾಕಿದರೂ, 'ಎಲ್‌ಎಂ75-ಸ್ಟಾರ್' (ಅಂದರೆ ಎಲ್ಲ ಎಲ್‌ಎಂ75ಗೂ) ಅಂತ ಕಾನ್ಫಿಗ್ ಫೈಲ್‌ನಲ್ಲಿ ಯಾರೋ ಬರೆದಿಟ್ಟ ಲೇಬಲ್ಲು, ಲಿಮಿಟ್ಟು ಎಲ್ಲ ಹೊಸ ಹೆಸರಿಗೆ ತಾಳೆಯಾಗುವುದಿಲ್ಲ.

ಕೆಲವು ವರ್ಷದ ಹಿಂದೆ ಇಂಥದ್ದೇ ಒಂದಕ್ಕೆ ನಾನೂ ಕಣ್ಣು ಮುಚ್ಚಿಕೊಂಡು ಓಕೆ ಅಂದಿದ್ದೆ. ಹೆಸರಲ್ಲಿ ಸ್ಪೆಲಿಂಗ್ ತಪ್ಪಿತ್ತು, ಒಬ್ಬರು ಸರಿ ಮಾಡಿ ಕಳಿಸಿದರು. ಒಂದೇ ಅಕ್ಷರ, ಯಾರು ಬೇಡ ಅಂತಾರೆ? ಎರಡು ವಾರ ಆದ ಮೇಲೆ ಟೆಸ್ಟ್ ಲ್ಯಾಬ್‌ನಲ್ಲಿ ಒಂದಿಡೀ ರ‍್ಯಾಕ್‌ನ ಫ್ಯಾನ್‌ಗಳು ಕಿವಿ ಕಿತ್ತುಹೋಗುವ ಹಾಗೆ ತಿರುಗತೊಡಗಿದವು. ಫ್ಯಾನ್ ನೋಡಿಕೊಳ್ಳುವ ಒಂದು ಶೆಲ್ ಸ್ಕ್ರಿಪ್ಟ್ ಇತ್ತು, ಅದು ನೇಮ್ ಫೈಲ್ ಓದಿ ಆ ತಪ್ಪು ಸ್ಪೆಲಿಂಗನ್ನೇ ಹುಡುಕುತ್ತಿತ್ತು, ಸಿಗದೇ ಇದ್ದಾಗ ಏನೂ ಹೇಳದೆ ಸುಮ್ನೆ ಎಕ್ಸಿಟ್ ಆಗುತ್ತಿತ್ತು. ಫ್ಯಾನ್ ಕಂಟ್ರೋಲರ್‌ನ ಡೀಫಾಲ್ಟ್ ಫುಲ್ ಸ್ಪೀಡ್. ಪುಣ್ಯಕ್ಕೆ ಆಫ್ ಆಗಿರಲಿಲ್ಲ. ಕೊನೆಗೆ ತಪ್ಪು ಸ್ಪೆಲಿಂಗನ್ನೇ ವಾಪಸ್ ತಂದೆವು, ಪಕ್ಕದಲ್ಲಿ ಒಂದು ಕಾಮೆಂಟ್ ಬರೆದೆವು.

ಈಗ ಕೌಂಟರ್ ವಿಷಯ. ಇದೇ ನನಗೆ ಜಾಸ್ತಿ ತಲೆನೋವು. ಪ್ರೋಬ್ ಫಂಕ್ಷನ್ ಶುರುವಿನಲ್ಲೇ ಕೌಂಟರ್ ಒಂದು ಹೆಚ್ಚುತ್ತದೆ ಅಂದುಕೊಳ್ಳಿ. ಚಿಪ್‌ಗೆ ಪವರ್ ಕೊಡುವ ರೆಗ್ಯುಲೇಟರ್‌ನ ಡ್ರೈವರ್ ಇನ್ನೂ ಲೋಡ್ ಆಗಿಲ್ಲ. ಪ್ರೋಬ್ ಆಮೇಲೆ ಬರುತ್ತೇನೆ ಅಂತ ಡಿಫರ್ ಆಗಿ ಹಿಂದೆ ಹೋಗುತ್ತದೆ. ಮತ್ತೆ ಬರುತ್ತದೆ, ಕೌಂಟರ್ ಮತ್ತೆ ಹೆಚ್ಚುತ್ತದೆ. ಇವತ್ತು 0 ಮತ್ತು 1 ಇದ್ದದ್ದು ನಾಳೆ ಕರ್ನಲ್ ಅಪ್‌ಡೇಟ್ ಆದ ಮೇಲೆ 2 ಮತ್ತು 3 ಆಗಿರುತ್ತದೆ, ಅಥವಾ 1 ಮತ್ತು 2. ಡ್ರೈವರನ್ನು ಚಿಪ್‌ನಿಂದ ಬಿಡಿಸಿ (ಅನ್‌ಬೈಂಡ್) ಮತ್ತೆ ಜೋಡಿಸಿದರೂ (ಬೈಂಡ್) ಅಷ್ಟೇ, ನಂಬರ್ ಮುಂದೆ ಹೋಗುತ್ತದೆಯೇ ಹೊರತು ವಾಪಸ್ ಬರುವುದಿಲ್ಲ. ಎರಡು ಚಿಪ್ ಬೇರೆ ಬೇರೆ ಬಸ್ ಮೇಲಿದ್ದು ಒಟ್ಟಿಗೆ ಪ್ರೋಬ್ ಆದರೆ, ಕೌಂಟರ್‌ಗೆ ಲಾಕ್ ಇಲ್ಲದೆ ಇಬ್ಬರಿಗೂ ಒಂದೇ ನಂಬರ್ ಸಿಗುವ ಸಾಧ್ಯತೆಯೂ ಇದೆ.

ಐಡಿಎ (ಕರ್ನಲ್‌ನಲ್ಲೇ ಇರುವ, ನಂಬರ್ ಹಂಚುವ ಸೌಲಭ್ಯ) ಬಳಸಿ ಅಂತ ಯಾರಾದರೂ ಹೇಳುತ್ತಾರೆ. ಅದು ಖಾಲಿ ಇರುವ ಅತಿ ಚಿಕ್ಕ ನಂಬರ್ ಕೊಡುತ್ತದೆ, ರಿಮೂವ್‌ನಲ್ಲೂ ಎರರ್ ದಾರಿಯಲ್ಲೂ ನೀವು ಅದನ್ನು ಬಿಟ್ಟುಕೊಡಬೇಕು, ಆ ಎರರ್ ದಾರಿಯನ್ನು ಮರೆಯುವವರೇ ಜಾಸ್ತಿ. ಕೌಂಟರ್‌ಗಿಂತ ಮೇಲು. ಆದರೆ ಯಾರು ಮೊದಲು ಬಂದರು ಅನ್ನುವುದರ ಮೇಲೇ ನಂಬರ್ ನಿಂತಿರುವುದರಿಂದ 0 ಅಂದರೆ ಯಾವ ಚಿಪ್ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ನೆಟ್‌ವರ್ಕ್ ಕಾರ್ಡ್‌ಗಳಲ್ಲಿ ಆಗಿದ್ದೂ ಇದೇ. ರೀಬೂಟ್ ಆದಾಗ ಈತ್0 ಮತ್ತು ಈತ್1 ಅನ್ನುವ ಕಾರ್ಡ್ ಹೆಸರುಗಳು ಅದಲುಬದಲಾಗಿ ಎಷ್ಟು ಜನ ಒದ್ದಾಡಿದ್ದಾರೋ. ಆಮೇಲೆ 2013ರಲ್ಲಿ ಸಿಸ್ಟಮ್‌ಡಿ (ಲಿನಕ್ಸ್ ಶುರುವಾದಾಗ ಸೇವೆಗಳನ್ನು ನಡೆಸುವ ಸಾಫ್ಟ್‌ವೇರ್) 197ನೇ ಆವೃತ್ತಿಯಲ್ಲಿ ಕಾರ್ಡ್ ಕೂತಿರುವ ಜಾಗ ನೋಡಿ ಹೆಸರಿಡುವ ಪದ್ಧತಿ ಬಂತು. ಆ ಉದ್ದುದ್ದ ಹೆಸರುಗಳನ್ನು ನಾನೂ ಬೈದುಕೊಂಡವನೇ, ಆದರೆ ಕಾರಣ ಸರಿಯಾಗಿಯೇ ಇತ್ತು.

ಹಾಗಾದರೆ ನಿಮ್ಮ ಸಹೋದ್ಯೋಗಿಗೆ ಬೇಕಾದದ್ದು ಸಿಗುವುದು ಹೇಗೆ? ಡಿವೈಸ್ ಟ್ರೀಯಲ್ಲಿ ಆ ಸೆನ್ಸರ್‌ನ ನೋಡ್‌ಗೆ ಲೇಬಲ್ ಅನ್ನುವ ಪ್ರಾಪರ್ಟಿ ಕೊಡಬಹುದು. ಈಚಿನ ಕರ್ನಲ್‌ಗಳಲ್ಲಿ ಎಚ್‌ಡಬ್ಲ್ಯುಮಾನ್ ಕೋರ್ ಅದನ್ನು ತಾನೇ ಓದಿ, ನೇಮ್ ಫೈಲ್ ಪಕ್ಕದಲ್ಲಿ ಲೇಬಲ್ ಅಂತ ಇನ್ನೊಂದು ಫೈಲ್ ಮಾಡಿ ತೋರಿಸುತ್ತದೆ. ಆ ಫೈಲ್ ಇರುವುದೇ ಇಂಥ ಡಿವೈಸ್‌ಗಳನ್ನು ಬೇರೆ ಬೇರೆಯಾಗಿ ಗುರುತಿಸುವುದಕ್ಕೆ. ಒಂದಕ್ಕೆ 'ಸಿಪಿಯು ಪಕ್ಕ', ಇನ್ನೊಂದಕ್ಕೆ 'ಪವರ್ ಸಪ್ಲೈ ಪಕ್ಕ' ಅನ್ನುವ ಅರ್ಥದ ಹೆಸರು ಕೊಟ್ಟರೆ ನಂಬರ್‌ಗಿಂತ ಓದುವವರಿಗೂ ಸುಲಭ. ಡ್ರೈವರ್‌ನಲ್ಲಿ ಒಂದು ಸಾಲೂ ಮುಟ್ಟಬೇಕಾಗಿಲ್ಲ.

ಇಷ್ಟಾದರೂ ಅವರು ಹೆಸರನ್ನು ಬದಲಿಸಲೇಬೇಕು ಅಂದರೆ, ಆಗ ಕೋಡ್ ಸಾಲು ಸಾಲಾಗಿ ನೋಡಿ. ಹೆಸರು ಬರೆದಿಡುವ ಬಫರ್ ಸಾಕಾ? ಒಂದು ಇಂಟ್ (ಪೂರ್ಣಾಂಕ) ಬರೆಯಲು ಮೈನಸ್ ಸೇರಿ 11 ಅಕ್ಷರ ಬೇಕಾಗಬಹುದು, ಐ2ಸಿ ಹೆಸರಿಗೆ ಇರುವ ಜಾಗವೇ 20 ಬೈಟ್, ಅದರಲ್ಲಿ ಕೊನೆಯದು ಹೆಸರು ಮುಗಿಯಿತು ಅಂತ ಹೇಳುವ ಸೊನ್ನೆಗೆ. ಡಿವೈಸ್ ಹೆಸರು ಇಡುವ ಫಂಕ್ಷನ್ ಮೆಮೊರಿ ಸಿಗದೆ ಫೇಲ್ ಆಗಬಹುದು, ಅದರ ರಿಟರ್ನ್ ನೋಡಿದ್ದಾರಾ? ಹೊರಗಿನಿಂದ ಬಂದ ಸ್ಟ್ರಿಂಗನ್ನು ನೇರವಾಗಿ ಫಾರ್ಮ್ಯಾಟ್ ಜಾಗದಲ್ಲಿ ಕೊಟ್ಟಿದ್ದರೆ ನಿಲ್ಲಿಸಿ, ಅದರಲ್ಲಿ ಒಂದು ಪರ್ಸೆಂಟ್ ಚಿಹ್ನೆ ಬಂದರೂ ಕೆಡುತ್ತದೆ. ಡಿವೈಸ್ ಹೆಸರಲ್ಲಿ ಸ್ಲ್ಯಾಶ್ ಇದ್ದರೆ ಕರ್ನಲ್ ಅದನ್ನು ಆಶ್ಚರ್ಯ ಚಿಹ್ನೆ ಮಾಡಿಬಿಡುತ್ತದೆ, ನೋಡಿ ನಿಜವಾಗಿಯೂ ಆಶ್ಚರ್ಯಪಡುತ್ತೀರಿ.

ಇಂಟರಪ್ಟ್‌ಗೂ ಇದೇ ಹೊಸ ಹೆಸರು ಕೊಡುತ್ತಿದ್ದಾರಾ ಅಂತ ಮರೆಯದೆ ನೋಡಿ. ಪ್ರೋಬ್ ಒಳಗೆ 32 ಬೈಟ್‌ನ ಒಂದು ಲೋಕಲ್ ಅರೇ ಮಾಡಿ, ಅದರಲ್ಲಿ ಹೆಸರು ಬರೆದು, ಇಂಟರಪ್ಟ್ ಕೇಳುವ ಫಂಕ್ಷನ್‌ಗೆ ಕೊಟ್ಟಿರುತ್ತಾರೆ. ನೋಡಲು ತಪ್ಪೇನೂ ಇಲ್ಲ. ಆದರೆ ಆ ಫಂಕ್ಷನ್ ಹೆಸರನ್ನು ಕಾಪಿ ಮಾಡಿಕೊಳ್ಳುವುದಿಲ್ಲ, ಪಾಯಿಂಟರ್ ಮಾತ್ರ ಇಟ್ಟುಕೊಳ್ಳುತ್ತದೆ. ಪ್ರೋಬ್ ಮುಗಿದ ಮೇಲೆ ಆ ಸ್ಟ್ಯಾಕ್ (ಫಂಕ್ಷನ್ ಓಡುವಾಗಷ್ಟೇ ಸಿಗುವ ಮೆಮೊರಿ) ಜಾಗ ಬೇರೆ ಯಾರದ್ದೋ. ಇಂಟರಪ್ಟ್ ಪಟ್ಟಿ ತೆರೆದರೆ ಹೆಸರಿನ ಜಾಗದಲ್ಲಿ ಅರ್ಥ ಇಲ್ಲದ ಅಕ್ಷರ ಕಾಣುತ್ತವೆ, ಅದೂ ಪ್ರತಿ ಸಲ ಅಲ್ಲ. ಡಿವೈಸ್ ಇರುವ ತನಕ ಬದುಕಿರುವ ಮೆಮೊರಿಯಲ್ಲಿ ಹೆಸರು ಇಡಬೇಕು.

ಟೆಸ್ಟ್ ಮಾಡಿದ್ದೇವೆ ಅಂದರೆ ಏನು ಮಾಡಿದ್ದಾರೆ ಅಂತ ಕೇಳಿ. ಒಂದೇ ಚಿಪ್ ಇಟ್ಟುಕೊಂಡು ಮಾಡಿದ ಟೆಸ್ಟ್ ಇಲ್ಲಿ ಲೆಕ್ಕಕ್ಕಿಲ್ಲ. ಎರಡೂ ಚಿಪ್ ಇರುವಾಗ ಒಂದನ್ನು ಅನ್‌ಬೈಂಡ್ ಮಾಡಿ ವಾಪಸ್ ತಂದು, ಮೊದಲಿನ ಮತ್ತು ಆಮೇಲಿನ ಹೆಸರುಗಳನ್ನು ಕಮಿಟ್ ಮೆಸೇಜ್‌ನಲ್ಲೇ ಹಾಕಲಿ.

ಸಹೋದ್ಯೋಗಿಗೆ ಉತ್ತರ ಬರೆಯುವಾಗ ಬರೀ ಬೇಡ ಅಂತ ಬರೆಯಬೇಡಿ, ಅವರಿಗೆ ಇರುವ ತೊಂದರೆ ನಿಜವಾದದ್ದೇ. ನಾನಾದರೆ ಹೀಗೆ ಬರೆಯುತ್ತಿದ್ದೆ: 'ಎರಡು ಚಿಪ್ ಗುರುತಿಸುವ ತೊಂದರೆ ಅರ್ಥವಾಯಿತು. ನೇಮ್ ಫೈಲ್ ಬದಲಾದರೆ ಈಗಿರುವ ಕಾನ್ಫಿಗ್‌ಗಳು ಮುರಿಯುತ್ತವೆ, ಹೈಫನ್‌ಗೆ ಅಲ್ಲಿ ಅವಕಾಶವೂ ಇಲ್ಲ. ಡಿವೈಸ್ ಟ್ರೀಯಲ್ಲಿ ಲೇಬಲ್ ಕೊಟ್ಟು ನೋಡಿದ್ದೀರಾ? ಅದು ಯಾಕೆ ಸಾಲದು ಅಂತ ಹೇಳಿದರೆ ಮುಂದೆ ಮಾತಾಡೋಣ.' ನಿಮ್ಮ ಕರ್ನಲ್ ಹಳೆಯದಾಗಿದ್ದು ಲೇಬಲ್ ಫೈಲ್ ಕಾಣದೇ ಇದ್ದರೆ ಆವೃತ್ತಿ ಯಾವುದು ಅಂತ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.